ಪ್ಲೇಟಿನ ಹಿಂಬದಿಯಲ್ಲಿ ಹುಟ್ಟಿದ ಮಾತುಗಾರಿಕೆ

ಜಾತ್ರೆಯ ಮೈಕ್‌ಸೆಟ್ಟಿನವನು ಗ್ರಾಮಫೋನ್ ಪ್ಲೇಟು ಹಾಕಿ, ನಡುನಡುವೆ ಪ್ರಕಟಣೆ ಹೇಳುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದ್ದೀತು. ಹಾಡಿಗೆ ತಲೆದೂಗಿದವರಾರೂ ಅವನ ಹೆಸರು ಕೇಳಿದವರಲ್ಲ. ಆದರೆ ದೂರದ ಜಮೈಕದಲ್ಲಿ ಇಂಥ ಪ್ರಕಟಣೆಗಾರನೇ ಹಾಡುಗಾರರನ್ನು ಹಿಂದೆ ಹಾಕಿದನೆಂದರೆ ಓದುಗರಿಗೆ ಅಚ್ಚರಿಯಾದೀತು.

ಕೆರಿಬಿಯನ್ ಸಮುದ್ರದ ಈ ದ್ವೀಪ ಬ್ರಿಟಿಷರಿಂದ ಬಿಡುಗಡೆ ಹೊಂದಿದ್ದು 1962ರಲ್ಲಿ. ರಾಜಧಾನಿ ಕಿಂಗ್‌ಸ್ಟನ್ನಿನ ಬಡವರ ಕೇರಿಗಳಲ್ಲಿ ಸಂಗೀತವೆಂದರೆ 'ಸೌಂಡ್ ಸಿಸ್ಟಮ್': ಬಯಲಲ್ಲಿ ಪೇರಿಸಿಟ್ಟ ಧ್ವನಿವರ್ಧಕಗಳು, ಪ್ಲೇಟುಗಳು, ಕುಣಿಯುವ ಜನ. ಮೈಕು ಹಿಡಿದು ಪ್ರಾಸಬದ್ಧ ಮಾತಿನಿಂದ ಅವರನ್ನು ಹುರಿದುಂಬಿಸುವವನು ಡೀಜೇ. ಆ ಮಾತುಗಾರಿಕೆಗೆ 'ಟೋಸ್ಟಿಂಗ್' ಎಂದು ಹೆಸರು. 1950ರ ದಶಕದಲ್ಲಿ ಅಮೆರಿಕದ ರೇಡಿಯೊ ನಿರೂಪಕರ ಧಾಟಿಯನ್ನು ಅನುಸರಿಸಿ ಇದನ್ನು ಮೊದಲು ಬೆಳೆಸಿದವನು ಕೌಂಟ್ ಮಚೂಕಿ.

1960ರ ದಶಕದ ಕೊನೆಗೆ ಒಂದು ಆಕಸ್ಮಿಕ ಒದಗಿತು. ಸ್ಪ್ಯಾನಿಷ್ ಟೌನಿನ ರಡಿ ರೆಡ್‌ವುಡ್ ಎಂಬವನಿಗೆ ಸಿಕ್ಕಿದ ಪ್ಲೇಟಿನಲ್ಲಿ ಗಾಯಕನ ಧ್ವನಿಯೇ ಬಿಟ್ಟುಹೋಗಿತ್ತು. ಅದನ್ನೇ ಕುಣಿತಕ್ಕೆ ಹಾಕಿದಾಗ ಜನರೇ ಹಾಡತೊಡಗಿದರಂತೆ! ಅಲ್ಲಿಂದ ಮುಂದೆ ಪ್ಲೇಟಿನ ಹಿಂಬದಿಗೆ ಬರಿಯ ವಾದ್ಯದ 'ವರ್ಷನ್' ಅಚ್ಚಾಗುವ ರೂಢಿ ಬಂತು. ಗಾಯಕ ತೆರವು ಮಾಡಿದ ಜಾಗ ಡೀಜೇಗೆ ದೊರೆಯಿತು.

ಆ ಜಾಗವನ್ನು ತುಂಬಿದವನು ಯೂ-ರಾಯ್. ಹುಟ್ಟುಹೆಸರು ಈವರ್ಟ್ ಬೆಕ್‌ಫರ್ಡ್. ರೇಡಿಯೊ ರಿಪೇರಿ ಬಲ್ಲ ಕಿಂಗ್ ಟಬ್ಬಿಯ ಸೌಂಡ್ ಸಿಸ್ಟಮಿನಲ್ಲಿ ಅವನು ಮಾತಾಡುತ್ತಿದ್ದುದನ್ನು ಗಾಯಕ ಜಾನ್ ಹೋಲ್ಟ್ ಕೇಳಿದ. ಅದು ಹೋಲ್ಟನ ತಂಡದ್ದೇ ಹಾಡು! ಸಿಟ್ಟಾಗುವ ಬದಲು ಅವನು ನಿರ್ಮಾಪಕ ಡ್ಯೂಕ್ ರೀಡನಿಗೆ ಶಿಫಾರಸು ಮಾಡಿದ. ಮಾಜಿ ಪೊಲೀಸನಾದ ರೀಡನ ಸ್ಟುಡಿಯೊ ಇದ್ದುದು ಅವನದೇ ಮದ್ಯದಂಗಡಿಯ ಮಾಳಿಗೆಯಲ್ಲಿ. ಹಳೆಯ ವಾದ್ಯಮುದ್ರಣಗಳ ಮೇಲೆ ಯೂ-ರಾಯ್ ಮಾತಾಡಿದ 'ವೇಕ್ ದ ಟೌನ್' ಸೇರಿದಂತೆ ಮೂರು ಪ್ಲೇಟುಗಳು 1970ರಲ್ಲಿ ಜಮೈಕದ ಜನಪ್ರಿಯತೆಯ ಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಒಟ್ಟಿಗೆ ಹಿಡಿದವು. ಡೆನಿಸ್ ಅಲ್ಕಪೋನ್, ಐ-ರಾಯ್, ಬಿಗ್ ಯೂತ್ ಅದೇ ಹಾದಿಯಲ್ಲಿ ಬಂದರು. ಕಲಿತವರು ಕೀಳೆಂದು ತಳ್ಳಿದ್ದ ಬೀದಿಯ ಆಡುಮಾತು ಪ್ಲೇಟಿನ ಮೇಲೆ ಮರ್ಯಾದೆ ಪಡೆಯಿತು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಒಂದೇ ವಾದ್ಯಮುದ್ರಣವನ್ನು ಹತ್ತು ಬಾರಿ ಬಳಸಿದರೆ ನಿರ್ಮಾಪಕನಿಗೆ ಹತ್ತು ಪ್ಲೇಟು. ನುಡಿಸಿದವರಿಗೆ ಸಾಮಾನ್ಯವಾಗಿ ಮೊದಲ ದಿನದ ಕೂಲಿ ಮಾತ್ರ. ಕೃತಿಸ್ವಾಮ್ಯದ ಬಗ್ಗೆ ಜಮೈಕ ಹೊಸ ಕಾಯಿದೆ ಮಾಡಿದ್ದು 1993ರಲ್ಲಿ. ಅಷ್ಟು ಹೊತ್ತಿಗೆ ಆ ಪ್ಲೇಟುಗಳು ಲೋಕ ಸುತ್ತಿ ಬಂದಾಗಿತ್ತು.

ಕಿಂಗ್‌ಸ್ಟನ್ನಿನಲ್ಲೇ ಹುಟ್ಟಿ ನ್ಯೂಯಾರ್ಕಿಗೆ ಹೋದ ಕೂಲ್ ಹರ್ಕ್, 1973ರ ಆಗಸ್ಟಿನಲ್ಲಿ ಬ್ರಾಂಕ್ಸಿನ ಒಂದು ಕೂಟದಲ್ಲಿ ಪ್ಲೇಟು ತಿರುಗಿಸಿದ. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿಂದ ಎನ್ನುತ್ತಾರೆ. ಯೂ-ರಾಯ್‌ಗೆ 2007ರಲ್ಲಿ ಜಮೈಕ ಸರಕಾರದ ಗೌರವ ದೊರೆಯಿತು. 2021ರಲ್ಲಿ ಅವನು ತೀರಿಕೊಂಡ. ಯಾರೂ ಹೆಸರು ಕೇಳದಿದ್ದ ಕಸುಬಿನವನಿಗೆ ದೇಶವೇ ವಿದಾಯ ಹೇಳಿತು. ವಾದ್ಯ ನುಡಿಸಿದವರ ಹೆಸರನ್ನೂ ಕೇಳುವ ರಸಿಕರು ಹೆಚ್ಚಿದರೆ ಆ ಗೌರವ ಪೂರ್ಣವಾದೀತು.