ಗೋಬಿ ತಿಂದು ಮೈ ತುರಿಸಿದರೆ ಬೈಯುವುದು ಯಾರನ್ನ?

ಹೂವಿನಹಡಗಲಿ: ಮಲ್ಲಿಗೆಗೆ ಹೆಸರಾದ ಊರಿದು. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮನೆಗೆ ಹೋದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಇಷ್ಟರಲ್ಲೇ ನಾಲಿಗೆ ತೃಪ್ತಿಪಡುತ್ತಿದ್ದ ಕಾಲ ಒಂದಿತ್ತು. ಈಗ ಬಜ್ಜಿ ಬಾಣಲೆಯ ಪಕ್ಕದಲ್ಲೇ ಗೋಬಿ ಮಂಚೂರಿ ಗಾಡಿ ನಿಂತಿದೆ. ಬಸ್ ಕಾಯುವವರ ಕೈಯಲ್ಲಿ ಕೆಂಪನೆ ಪ್ಲೇಟು!

ಹೊಸ ರುಚಿಯ ಹಿಂದೆ ಹೊಸ ತಕರಾರೂ ಬಂತು. ಒಬ್ಬರಿಗೆ ತಿಂದ ಮೇಲೆ ತಲೆನೋವು, ಇನ್ನೊಬ್ಬರಿಗೆ ಮೈಯೆಲ್ಲ ತುರಿಕೆ. ಯಾಕೆ ಅಂದರೆ ಎಲ್ಲರದೂ ಒಂದೇ ಮಾತು: "ಟೇಸ್ಟಿಂಗ್ ಪೌಡರ್ ಹಾಕ್ತಾರಲ್ರೀ, ಅದರದ್ದ ಆಟ!"

ಹೆಸರಿನಲ್ಲಿ ಮಂಚೂರಿಯಾ ಇದ್ದರೂ ಚೀನಾದ ಆ ಸೀಮೆಗೂ ಈ ತಿಂಡಿಗೂ ನೆಂಟಸ್ತಿಕೆ ಇಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿಗೆ ಸೋಯಾ ಸಾಸ್ ಕೂಡಿಸಿ ಕೋಳಿ ಮಂಚೂರಿ ಮಾಡಿದರು ಎಂಬುದು ಪ್ರಚಲಿತ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದೇ ಗೋಬಿ.

ಇನ್ನು ಟೇಸ್ಟಿಂಗ್ ಪೌಡರ್. 1908ರಲ್ಲಿ ಜಪಾನಿನ ಪ್ರೊಫೆಸರ್ ಕಿಕುನಾಯೆ ಇಕೆಡಾ ಕಡಲಪಾಚಿಯಿಂದ ತೆಗೆದ ರುಚಿ ಅದು. ಅದೇ ಜಾತಿಯ ರುಚಿ ನಮ್ಮ ಟೊಮ್ಯಾಟೊದಲ್ಲೂ ಇದೆ. 1968ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದಕ್ಕೆ ಡಾ. ರಾಬರ್ಟ್ ಹೋ ಮನ್ ಕ್ವೋಕ್ ಪತ್ರ ಬರೆದು, ಚೀನೀ ಊಟದ ಬಳಿಕ ಕತ್ತು ಜೋಮು ಹಿಡಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂದರು. ಪುಡಿಯ ಮೇಲೆ ಅಪವಾದ ಅಂಟಿದ್ದು ಅಂದಿನಿಂದ. ಆಮೇಲೆ ಯಾರಿಗೆ ಪುಡಿ ಕೊಟ್ಟಿದೆ ಎಂದು ಹೇಳದೆ ಪರೀಕ್ಷೆ ಮಾಡಿದಾಗ ದೂರು ನಿಲ್ಲಲಿಲ್ಲ. ಬರಿಹೊಟ್ಟೆಯಲ್ಲಿ 3 ಗ್ರಾಮ್ ಮೇಲೆ ನುಂಗಿದ ಕೆಲವರಿಗೆ ಮಾತ್ರ ಸ್ವಲ್ಪ ಹೊತ್ತು ಕಸಿವಿಸಿ. ಒಂದು ಊಟದಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮೂ ಇರುವುದಿಲ್ಲ.

ಹಾಗಾದರೆ ಕಳ್ಳ ಯಾರು? ಕಣ್ಣೆದುರಿಗೇ ಕೂತಿರುವ ಬಣ್ಣವನ್ನು ಯಾರೂ ಅನುಮಾನಿಸಲಿಲ್ಲ! 2024ರಲ್ಲಿ ಕರ್ನಾಟಕ ಸರ್ಕಾರ 171 ಗೋಬಿ ಮಾದರಿ ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅವುಗಳ ಹೆಸರು. ಟಾರ್ಟ್ರಜಿನ್ ಕೆಲವರ ಮೈಮೇಲೆ ದದ್ದು ಎಬ್ಬಿಸುತ್ತದೆ, ಉಬ್ಬಸ ಇದ್ದವರನ್ನು ಕಾಡಬಹುದು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನಿಷೇಧ ಪ್ರಕಟಿಸಿದರು. ತಪ್ಪಿದರೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷದವರೆಗೆ ದಂಡ. ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ನಿಷೇಧ ಆದದ್ದು ಬಣ್ಣಕ್ಕೆ, ಗೋಬಿಗೆ ಅಲ್ಲ ಎಂಬುದನ್ನು ಗಾಡಿಯವರೂ ಗಿರಾಕಿಗಳೂ ನೆನಪಿಡಬೇಕು.

ಬಣ್ಣ ಇಲ್ಲದಿದ್ದರೆ ಪ್ಲೇಟಿಗೆ ಗಿರಾಕಿ ಬರೋದಿಲ್ಲ ಎಂಬುದು ಗಾಡಿಯವರ ಚಿಂತೆ. ಹೊಟ್ಟೆಪಾಡಿನ ಮಾತು, ತಳ್ಳಿಹಾಕುವಂತಿಲ್ಲ. ಆದರೆ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ, ಅಲ್ಲೇ ಬ್ಯಾಡಗಿ! ಖಾರ ಕಮ್ಮಿ, ಕೆಂಪು ಜಾಸ್ತಿ ಎಂದೇ ಆ ಮೆಣಸಿನಕಾಯಿ ಹೆಸರುವಾಸಿ. 2011ರಲ್ಲಿ ಭೌಗೋಳಿಕ ಗುರುತೂ ಪಡೆದಿದೆ. ನೆನೆಸಿ ರುಬ್ಬಿ ಹಾಕಿದರೆ ಡಬ್ಬಿ ಬಣ್ಣದಷ್ಟು ಹೊಳೆಯಲಿಕ್ಕಿಲ್ಲ, ಖರ್ಚೂ ನಾಲ್ಕು ಕಾಸು ಹೆಚ್ಚು. ಆದರೆ ಕೇಸಿನ ಭಯ ಇಲ್ಲ.

ತಿನ್ನುವವರಿಗೂ ಒಂದು ಮಾತು. ತುರಿಕೆಗೆ ಬಣ್ಣವೊಂದೇ ಕಾರಣವಲ್ಲ. ಸಾಸಿನಲ್ಲಿ ಸೋಯಾ ಇದೆ, ಬಹಳಷ್ಟು ಸಾಸಿನಲ್ಲಿ ಗೋಧಿಯೂ ಇರುತ್ತದೆ, ಅವು ಒಗ್ಗದವರಿದ್ದಾರೆ. ಪ್ರತಿಸಲ ದದ್ದು ಎದ್ದರೆ ಡಾಕ್ಟರಿಗೆ ತೋರಿಸಿ. ತುಟಿ ಊದಿ ಉಸಿರು ಕಟ್ಟಿದರೆ ಮಜ್ಜಿಗೆ ಕುಡಿದು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಪ್ಲೇಟು ತೆಗೆದುಕೊಳ್ಳುವ ಮೊದಲು "ಬಣ್ಣ ಹಾಕೀರೇನ್ರೀ?" ಎಂದು ಕೇಳಲು ನಾಚಿಕೆ ಬೇಡ. ನಾಲ್ಕು ಗಿರಾಕಿ ಕೇಳಿದರೆ ಐದನೆಯವನಿಗೆ ಬಣ್ಣವಿಲ್ಲದ ಗೋಬಿ ಸಿಕ್ಕೀತು.