ದುಬಾರಿ ಕ್ಯಾಮೆರಾ ಎಲ್ಲಿ ಬೇಕಾಗುತ್ತದೆ?

ಕ್ಯಾಮೆರಾದ ಬೆಲೆ ಏರಿದಂತೆ ಕೊಳ್ಳುವವರಿಗೆ ದಕ್ಕುವುದು ಮುಖ್ಯವಾಗಿ ಮಂದ ಬೆಳಕಿನಲ್ಲಿ, ದೂರದ ವಸ್ತುವಿನ ಮೇಲೆ, ವೇಗದ ಚಲನೆಯ ಎದುರು ಕೆಲಸ ಮಾಡುವ ಸಾಮರ್ಥ್ಯ. ಈ ಮೂರರ ತೊಡಕು ಇಲ್ಲದ ಕಡೆ ಎರಡು ಲಕ್ಷ ರೂಪಾಯಿಯ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನೂ ಒಳ್ಳೆಯ ಮೊಬೈಲ್‌ನಲ್ಲಿ ತೆಗೆದ ಚಿತ್ರವನ್ನೂ ಪತ್ರಿಕೆಯ ಪುಟದ ಮೇಲೆ ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟ. ಛಾಯಾಗ್ರಹಣವನ್ನು ಹವ್ಯಾಸವಾಗಿಯೋ ದುಡಿಮೆಯಾಗಿಯೋ ಹಿಡಿಯಲು ಹೊರಟ ಎಷ್ಟೋ ತರುಣರು ಕಂತಿನ ಸಾಲದಲ್ಲಿ ದೊಡ್ಡ ಕ್ಯಾಮೆರಾ ಕೊಂಡು, ಚಿತ್ರಗಳು ಮಾತ್ರ ಮೊದಲಿನಂತೆಯೇ ಬರುವುದನ್ನು ಕಂಡು ಎದೆಗುಂದುತ್ತಾರೆ. ಆದ್ದರಿಂದ ಈ ಹಣ ನಿಜವಾಗಿ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಲೆನ್ಸಿನ ಮೂಲಕ ಒಳಬಂದ ಬೆಳಕು ಸೆನ್ಸರ್ ಎಂಬ ಬೆಳಕು ಗ್ರಹಿಸುವ ಬಿಲ್ಲೆಯ ಮೇಲೆ ಬಿದ್ದು ದಾಖಲಾದಾಗ ಛಾಯಾಚಿತ್ರ ಮೂಡುತ್ತದೆ. ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು ಅಪರ್ಚರ್ ಎಂದೂ, ಬೆಳಕು ಎಷ್ಟು ಹೊತ್ತು ಒಳಬರುತ್ತದೆ ಎಂಬುದನ್ನು ಶಟರ್ ವೇಗವೆಂದೂ, ಸೆನ್ಸರ್‌ನಿಂದ ಬಂದ ಸಂಕೇತವನ್ನು ಎಷ್ಟು ಹಿಗ್ಗಿಸಲಾಗಿದೆ ಎಂಬುದರ ಅಳತೆಯನ್ನು ಐಎಸ್‌ಒ ಎಂದೂ ಕರೆಯುತ್ತಾರೆ. ಬೆಳಕು ಸಾಲದಿದ್ದಾಗ ಐಎಸ್‌ಒ ಏರಿಸಿದರೆ ಚಿತ್ರ ಬೆಳಗುತ್ತದಾದರೂ ಜೊತೆಯಲ್ಲೇ ನಾಯ್ಸ್ ಎಂಬ ಕಾಳುಕಾಳಾದ ಕಲೆಯೂ ಮೇಲೇಳುತ್ತದೆ. ಫುಲ್ ಫ್ರೇಮ್ ಕ್ಯಾಮೆರಾಗಳ ಸೆನ್ಸರ್ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲವಿದ್ದರೆ, ಮೇಲ್ದರ್ಜೆಯ ಹಲವು ಮೊಬೈಲ್‌ಗಳ ಮುಖ್ಯ ಸೆನ್ಸರ್ 10 ಮಿ.ಮೀ. ಉದ್ದ, 7 ಮಿ.ಮೀ. ಅಗಲದ ಆಸುಪಾಸಿನದು, ವಿಸ್ತೀರ್ಣದಲ್ಲಿ ಇದು ಸುಮಾರು ಹನ್ನೆರಡು ಪಟ್ಟಿನ ಅಂತರ. ಮೊಬೈಲ್ ಈ ಕೊರತೆಯನ್ನು, ಒಂದರ ಹಿಂದೊಂದು ಹಲವು ಚಿತ್ರಗಳನ್ನು ಥಟ್ಟನೆ ತೆಗೆದು ಲೆಕ್ಕಾಚಾರದಿಂದ ಒಂದಾಗಿ ಬೆರೆಸುವ ಮೂಲಕ ತುಂಬಿಕೊಳ್ಳುತ್ತದೆ. ಕದಲದ ಗೋಪುರದ ಮುಂದೆ ಈ ಉಪಾಯ ಚೆನ್ನಾಗಿ ಫಲಿಸುತ್ತದೆ, ಓಡುವ ಮಗುವಿನ ಮುಂದೆ ಅಷ್ಟಾಗಿ ಫಲಿಸುವುದಿಲ್ಲ.

ರಾತ್ರಿಯ ಯಕ್ಷಗಾನದ ರಂಗಸ್ಥಳದಲ್ಲಿ ಈ ಲೆಕ್ಕವೆಲ್ಲ ಕಣ್ಣಿಗೆ ಕಟ್ಟುತ್ತದೆ. ವೇಷಧಾರಿ ಧೀಂಗಿಣ ಹಾಕುತ್ತಿರುವಾಗ ಕಿರೀಟದ ಕುಸುರಿಯೂ ಮುಖವರ್ಣಿಕೆಯ ಗೆರೆಗಳೂ ಕದಡದೆ ಬರಬೇಕಾದರೆ ಶಟರ್ ಸೆಕೆಂಡಿನ ಐನೂರರಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದಿರಬೇಕಾಗುತ್ತದೆ. ಕ್ಯಾಮೆರಾದ ಜೊತೆಗೇ ಸಿಗುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಕಿಂಡಿ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಈ ಸಂಖ್ಯೆ ಕಡಿಮೆಯಾದಷ್ಟೂ ಕಿಂಡಿ ದೊಡ್ಡದೆಂದು ಅರ್ಥ. ಆ ಲೆನ್ಸಿಗೆ ಐವತ್ತರಲ್ಲಿ ಒಂದು ಸೆಕೆಂಡು ಹಿಡಿಯುವ ಕೆಲಸವನ್ನು, ಎಫ್ 1.8ರವರೆಗೆ ತೆರೆಯುವ 50 ಮಿ.ಮೀ. ಲೆನ್ಸು ಹತ್ತು ಪಟ್ಟು ಬೆಳಕು ಬಿಡುವುದರಿಂದ, ಅದೇ ಐಎಸ್‌ಒದಲ್ಲಿ ಐನೂರರಲ್ಲಿ ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ. ಹತ್ತು ಹನ್ನೆರಡು ಸಾವಿರ ರೂಪಾಯಿಗೆ ಸಿಗುವ ಈ ಲೆನ್ಸಿಗೆ ಜೂಮ್ ಇಲ್ಲದ್ದರಿಂದ ಚಿತ್ರ ತೆಗೆಯುವವರು ಮುಂದಿನ ಸಾಲಿನಲ್ಲೇ ಜಾಗ ಹಿಡಿಯಬೇಕಾದೀತು, ಅಷ್ಟೆ. ಹಳೆಯ ಬಾಡಿಯನ್ನು, ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಮಾರಿ ಲಕ್ಷ ಸುರಿದು ಹೊಸದು ತಂದು ಅದಕ್ಕೂ ಕಿಟ್ ಲೆನ್ಸನ್ನೇ ತೊಡಿಸುವವರಿಗೆ ಇಷ್ಟು ಲಾಭ ಸಿಗುವುದಿಲ್ಲವೆಂಬುದು ಅಂಗಡಿಗಳಲ್ಲಿ ಅಪರೂಪಕ್ಕೆ ಕೇಳಿಬರುವ ಮಾತು.

ಮೆಗಾಪಿಕ್ಸೆಲ್‌ಗಳ ಪೈಪೋಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕಿಗಳಿದ್ದು, ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೂ ಅದು 13 ಇಂಚು ಉದ್ದ, 10 ಇಂಚು ಅಗಲದ ಹಾಳೆಯನ್ನು ತುಂಬುತ್ತದೆ. ಮನೆಯ ಆಲ್ಬಮ್‌ಗೂ ಮಾಸಪತ್ರಿಕೆಗೂ ಅಷ್ಟು ಧಾರಾಳವಾಯಿತು.

ವನ್ಯಜೀವಿಗಳ ವಿಷಯದಲ್ಲಿ ಮಾತ್ರ ಹಣದ ಬಲವನ್ನು ತಳ್ಳಿಹಾಕುವಂತಿಲ್ಲ. ಲೆನ್ಸಿನ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವುದೇ ಎಫ್ ಸಂಖ್ಯೆಯಾದ್ದರಿಂದ, 600 ಮಿ.ಮೀ. ಎಫ್ 4 ಲೆನ್ಸಿನ ಮುಂದಿನ ಗಾಜು ಕನಿಷ್ಠ 150 ಮಿ.ಮೀ. ಅಗಲವಿರಲೇಬೇಕು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಎರಕಹೊಯ್ದು ಉಜ್ಜುವ ಕೆಲಸವೇ ಅದರ ಬೆಲೆಯನ್ನು ಹತ್ತು ಲಕ್ಷ ರೂಪಾಯಿಯ ಆಚೆಗೆ ಒಯ್ಯುತ್ತದೆ. ಕಬಿನಿಯ ಹಿನ್ನೀರಿನ ನಸುಬೆಳಕಿನಲ್ಲಿ ದೂರದ ದಡದ ಮೇಲಿನ ಹುಲಿಯನ್ನು ತೋರಿಸಲು ಮೊಬೈಲ್‌ಗೆ ಸಾಧ್ಯವಿಲ್ಲ, ಎಂಥ ಕಲಾವಿದನ ಕೈಯಲ್ಲಿದ್ದರೂ ಸಾಧ್ಯವಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರ ತಲೆಮಾರಿನ ಛಾಯಾಗ್ರಾಹಕರು ಇಂಥ ಲೆನ್ಸುಗಳಿಲ್ಲದ ಕಾಲದಲ್ಲಿ ಮರೆ ಕಟ್ಟಿಕೊಂಡು, ಹಕ್ಕಿಗಳ ದಿನಚರಿ ತಿಳಿದು, ಗಂಟೆಗಟ್ಟಲೆ ಕಾದು ಚಿತ್ರ ತೆಗೆದರು. ಗೂಡಿನ ಸಮೀಪ ಹೋಗುವುದು ತಪ್ಪೆಂಬ ಅರಿವು ಈಗ ಬಲವಾಗಿರುವಾಗ, ಉದ್ದ ಲೆನ್ಸು ಹಕ್ಕಿಯನ್ನು ಅದರ ಪಾಡಿಗೆ ಬಿಡುವ ಸಾಧನವೂ ಆಗಿದೆ ಎಂಬುದನ್ನು ಮರೆಯಬಾರದು.

ಕ್ಯಾಮೆರಾ ಮುಖ್ಯವೇ ಅಲ್ಲವೆಂದು ವಾದಿಸುವವರು ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸನ್ (1908–2004) ಹೆಸರನ್ನು ಎತ್ತುವುದುಂಟು. ಅವರು ಬಹುಪಾಲು ಕೆಲಸವನ್ನು ಒಂದೇ 50 ಮಿ.ಮೀ. ಲೆನ್ಸಿನಲ್ಲಿ ಮುಗಿಸಿದ್ದು ನಿಜ, ಆದರೆ ಅದು ಕೂತಿದ್ದುದು ಲೈಕಾ ಕ್ಯಾಮೆರಾದ ಮೇಲೆ, ಮತ್ತು ಲೈಕಾ ಅಗ್ಗದ ವಸ್ತುವಾಗಿರಲಿಲ್ಲ. ಕೈಯಲ್ಲಿ ಅಡಗುವಷ್ಟು ಚಿಕ್ಕದಾದ ಆ ಕ್ಯಾಮೆರಾ ಇಲ್ಲದಿದ್ದರೆ, 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಜಿಗಿಯುತ್ತಿದ್ದ ಮನುಷ್ಯನ ಚಿತ್ರ ಬೇಲಿಯ ಸಂದಿಯಿಂದ ಸಿಕ್ಕುತ್ತಿತ್ತೆಂದು ಹೇಳಲಾಗದು. ಆ ಮನುಷ್ಯನ ಆಕೃತಿ ತುಸು ಕದಡಿದೆ. ಲೈಕಾದಿಂದ ಅವರಿಗೆ ಅಲ್ಲಿ ದೊರೆತದ್ದು ವಿವರಗಳ ಚೂಪಿಗಿಂತ ಚುರುಕುತನ.

ಯಾವ ಬೆಲೆಗೂ ಸಿಗದಿರುವುದು ಬೆಳಕಿನ ಗುಣ ಮತ್ತು ಎದುರಿನ ವ್ಯಕ್ತಿಯ ವಿಶ್ವಾಸ. ಏಪ್ರಿಲ್‌ನ ನಡುಹಗಲಲ್ಲಿ ಅಂಗಳದಲ್ಲಿ ನಿಲ್ಲಿಸಿದ ಅಜ್ಜಿಯ ಕಣ್ಣುಗುಳಿಗಳು ಎಷ್ಟು ದುಬಾರಿಯ ಕ್ಯಾಮೆರಾದಲ್ಲೂ ಕಪ್ಪಗೆ ಮುಚ್ಚಿಕೊಳ್ಳುತ್ತವೆ. ಅದೇ ಅಜ್ಜಿಯನ್ನು ತೊಟ್ಟಿಮನೆಯ ಒಳಜಗಲಿಯಲ್ಲಿ, ಬಿಸಿಲು ನೇರ ತಾಗದಂತೆ ಕಂಬದಿಂದ ಎರಡು ಅಡಿ ಹಿಂದಕ್ಕೆ, ಮುಖವನ್ನು ತೊಟ್ಟಿಯ ಕಡೆಗೆ ಅರ್ಧ ತಿರುಗಿಸಿ ಕೂರಿಸಿದರೆ, ತೆರೆದ ಆಕಾಶದಿಂದ ಇಳಿದ ಮೆದು ಬೆಳಕು ಕೆನ್ನೆಯ ಒಂದೊಂದು ಸುಕ್ಕನ್ನೂ ಉಬ್ಬುತಗ್ಗಾಗಿ ಎತ್ತಿ ತೋರಿಸುತ್ತದೆ. ಅದನ್ನು ಹಿಡಿಯಲು ಸಾಧಾರಣ ಮೊಬೈಲ್ ಸಾಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ತೆಗೆದ ಜನಸಾಮಾನ್ಯರ, ಮಕ್ಕಳ ಚಿತ್ರಗಳನ್ನು ನೋಡಿದವರು ಅವು ಯಾವ ಕ್ಯಾಮೆರಾದವು ಎಂದು ಕೇಳುವುದಿಲ್ಲ. ಆ ಮಕ್ಕಳು ಛಾಯಾಗ್ರಾಹಕನಿಗೆ ಅಂಜಿಲ್ಲ ಎಂಬುದೇ ಮೊದಲು ಕಾಣುತ್ತದೆ.

ವರ್ಷಕ್ಕೊಮ್ಮೆ ಮಾತ್ರ ಕಾಡಿಗೆ ಹೋಗುವವರಿಗೆ ಬೆಂಗಳೂರಿನಂಥ ನಗರಗಳಲ್ಲಿ ದೊಡ್ಡ ಲೆನ್ಸುಗಳು ದಿನದ ಬಾಡಿಗೆಗೆ ಸಿಗುತ್ತವೆ. ಕೊಂಡು ಮನೆಯಲ್ಲಿಡುವುದಕ್ಕಿಂತ ಇದು ಜಾಣತನ. ಏಕೆಂದರೆ ಮಲೆನಾಡಿನ, ಕರಾವಳಿಯ ಮಳೆಗಾಲದ ತೇವದಲ್ಲಿ ಬಳಸದೆ ಚೀಲದೊಳಗೆ ಇಟ್ಟ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು ಆಗಾಗ ಹೊರತೆಗೆದು ಬಳಸದಿದ್ದರೆ ಹತ್ತು ಲಕ್ಷದ ಲೆನ್ಸೂ ಹತ್ತು ಸಾವಿರದ ಲೆನ್ಸಿನಷ್ಟೇ ಬೇಗ ಕೆಡುತ್ತದೆ.