ನನ್ನ ಪಾಳಿ ಬಂತ, ಕೊಡಲೇ!

ಹೋಳಿಹುಣ್ಣಿಮೆ ಮುಗಿದ ಮೇಲೆ ಬರುವ ಯಮನೂರು ಜಾತ್ರೆಯಲ್ಲಿ, ಬೆಂಡು-ಬೆತ್ತಾಸಿನ ಅಂಗಡಿಗಳ ಸಾಲು ಮುಗಿದಲ್ಲಿ ಆಟಿಗೆ ಸಾಮಾನಿನ ಸಾಲು ಶುರುವಾಗುತ್ತಿತ್ತು. ಪೀಪಿ, ಪುಗ್ಗಿ, ಬಣ್ಣದ ಕನ್ನಡಕಗಳ ನಡುವೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಯಂತ್ರ. ಅದರ ಮೈಮೇಲೆ ‘9999 ಇನ್ 1’ ಎಂದು ದೊಡ್ಡದಾಗಿ ಅಚ್ಚು. ನಾವು ಅದಕ್ಕೆ ಬ್ರಿಕ್ ಗೇಮ್ ಅನ್ನುತ್ತಿದ್ದೆವು. ಒಳಗೆ ಇದ್ದ ಆಟಗಳು ಕೈಬೆರಳಲ್ಲಿ ಎಣಿಸುವಷ್ಟೇ. ಅವನ್ನೇ ವೇಗ ಬದಲಿಸಿ, ಹಂತ ಬದಲಿಸಿ ಎಣಿಕೆಯನ್ನು ಅಷ್ಟು ಉಬ್ಬಿಸಿದ್ದರು. ಆ ಸುಳ್ಳು ಗೊತ್ತಾಗಲು ನಮಗೆ ಒಂದು ಬೇಸಿಗೆ ರಜೆ ಹಿಡಿಯಿತು.

ಕಾಕಾ ಕೊಡಿಸಿದ್ದು ಒಂದೇ ಯಂತ್ರ. ಕಟ್ಟೆಯ ಮೇಲೆ ಕೂತವರು ಎಂಟು ಹುಡುಗರು. ಔಟಾದವನು ಮುಂದಿನವನಿಗೆ ಕೊಡಬೇಕು ಅನ್ನುವುದೊಂದೇ ಕಾನೂನು. “ನನ್ನ ಪಾಳಿ ಬಂತ, ಕೊಡಲೇ!” “ತಡಿಯೋ, ಇನ್ನೂ ಔಟ್ ಆಗಿಲ್ಲ!” ಯಂತ್ರದ ಬೀಪ್ ಸದ್ದಿಗಿಂತ ಈ ಜಗಳದ ಸದ್ದೇ ದೊಡ್ಡದು.

ಮಕ್ಕಳಿಗಾಗಿ ಅಗ್ಗದ ಆಟದ ಯಂತ್ರ ರೂಪಿಸುವುದೂ ಒಂದು ಕಸುಬು ಎಂದು ನನಗೆ ಹೊಳೆದದ್ದು ನಮ್ಮ ಬ್ರಿಕ್ ಗೇಮ್ ಕೆಟ್ಟುಹೋದ ದಿನ. ನಮ್ಮ ಎರೆ ಹೊಲದ ಧೂಳು ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಎಡಗಡೆಯ ಗುಂಡಿ ಒತ್ತಿದರೂ ಇಟ್ಟಿಗೆ ಸರಿಯಲೊಲ್ಲದು. ಹಿಂದಿನ ಸ್ಕ್ರೂ ಬಿಚ್ಚಿದೆವು. ಒಳಗೆ ಇಷ್ಟೇನಾ ಅನಿಸಿತು. ಒಂದು ಹಸಿರು ಹಲಗೆ, ಅದರ ನಡುವೆ ಡಾಂಬರಿನ ಹನಿ ಬಿದ್ದು ಒಣಗಿದಂತೆ ಒಂದು ಕರಿ ಗುಪ್ಪೆ. ಗುಂಡಿಗಳ ಕೆಳಗೆ ರಬ್ಬರಿನ ಹಾಳೆ. ಪ್ರತಿ ಗುಂಡಿಯ ತಳದಲ್ಲಿ ಸಣ್ಣ ಕರಿ ಬಿಲ್ಲೆ. ಆ ಬಿಲ್ಲೆ ಹಲಗೆಯ ಮೇಲಿನ ಗೆರೆಗಳಿಗೆ ತಾಗಿದಾಗ ವಿದ್ಯುತ್ತು ಹರಿದು ‘ಒತ್ತಿದರು’ ಎಂಬ ಸುದ್ದಿ ಗುಪ್ಪೆಗೆ ಮುಟ್ಟುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಗೆರೆಗಳನ್ನು ತಿಕ್ಕಿದೆವು, ಗುಂಡಿ ಸರಿಹೋಯಿತು. ಆದರೆ ಪರದೆಯನ್ನೂ ಹಲಗೆಯನ್ನೂ ಜೋಡಿಸುವ ಮೆತ್ತನೆಯ ರಬ್ಬರ್ ಪಟ್ಟಿ ನಮ್ಮ ಕೈಯಲ್ಲಿ ಕೂದಲೆಳೆಯಷ್ಟು ಸರಿದಿತ್ತು. ಮುಚ್ಚಿ ಸೆಲ್ ಹಾಕಿದರೆ ಬಲಗಡೆಯ ಎರಡು ಸಾಲು ಮಾಯ!

ಆ ಕರಿ ಗುಪ್ಪೆಯಲ್ಲೇ ಅಗ್ಗದ ಗುಟ್ಟಿರುವುದು. ಸಾಮಾನ್ಯವಾಗಿ ಚಿಪ್ಪಿಗೆ ಪ್ಲಾಸ್ಟಿಕ್ ಕವಚ, ಲೋಹದ ಕಾಲು ಇರುತ್ತವೆ. ಇಲ್ಲಿ ಬರಿಮೈ ಚಿಪ್ಪನ್ನು ಹಲಗೆಗೇ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಹೊಲಿದು, ಮೇಲೊಂದು ಹನಿ ಎಪಾಕ್ಸಿ ಸುರಿದು ಮುಚ್ಚಿರುತ್ತಾರೆ. ಪರದೆಯೂ ಹಾಗೆ. 10 ಅಡ್ಡ, 20 ಉದ್ದ, ಒಟ್ಟು 200 ಚೌಕಗಳನ್ನು ಮೊದಲೇ ಅಚ್ಚು ಮಾಡಿದ ದ್ರವಸ್ಫಟಿಕದ ಗಾಜು. ಚೌಕ ಕಪ್ಪಾಗಬೇಕು ಇಲ್ಲವೆ ಮಾಯವಾಗಬೇಕು, ನಡುವೆ ಏನೂ ಇಲ್ಲ. ಸ್ವಂತ ಬೆಳಕಿಲ್ಲ, ಹಾಗಾಗಿ ಸುಡು ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ಕರೆಂಟು ಹೋದರೆ ಆಟ ಬಂದ್. ಎರಡು ಪೆನ್‌ಸೆಲ್ ಹಾಕಿದರೆ ವಾರಗಟ್ಟಲೆ ಬರುತ್ತಿತ್ತು. ಅವ್ವನಿಗೆ ಇಷ್ಟವಾದ ಗುಣ ಇದೊಂದೇ.

ಈ ಜಾಣತನದ ಮೂಲಪುರುಷ ಜಪಾನಿನ ನಿಂಟೆಂಡೊ ಕಂಪನಿಯ ಗುನ್ಪೆ ಯೊಕೊಯಿ. ರೈಲಿನಲ್ಲಿ ಒಬ್ಬಾತ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತದ್ದನ್ನು ಕಂಡು ಆತನಿಗೆ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ಕ್ಯಾಲ್ಕುಲೇಟರಿನ ಪರದೆ ಆಗಲೇ ಹಳತಾಗಿ ಅಗ್ಗವಾಗಿತ್ತು. ಅದನ್ನೇ ಬಳಸಿ 1980ರಲ್ಲಿ ‘ಗೇಮ್ ಅಂಡ್ ವಾಚ್’ ತಂದ. ಹಳಸಿದ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕು ಎಂಬುದೇ ಆತನ ಪಟ್ಟು. 1989ರ ಗೇಮ್ ಬಾಯ್‌ಗೂ ಅದೇ ಲೆಕ್ಕ: 160 ಅಡ್ಡ, 144 ಉದ್ದದ ಚುಕ್ಕೆಗಳು, ನಾಲ್ಕೇ ಛಾಯೆ, ನಾಲ್ಕು ಸೆಲ್. ಎದುರಾಳಿ ಸೆಗಾದ ಗೇಮ್ ಗೇರ್‌ಗೆ ಬಣ್ಣದ, ಬೆಳಕಿನ ಪರದೆ; ಆದರೆ ಆರು ಸೆಲ್ ಹಾಕಿದರೂ ಕೆಲವೇ ಗಂಟೆಗಳಲ್ಲಿ ಖಾಲಿ. ಗೆದ್ದದ್ದು ಮಂಕು ಪರದೆಯ ಗೇಮ್ ಬಾಯ್. ಅದರ ಜೊತೆ ಅಮೆರಿಕದಲ್ಲಿ ಸಿಗುತ್ತಿದ್ದ ಆಟ ಟೆಟ್ರಿಸ್, 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಕಟ್ಟಿದ್ದು. ನಮ್ಮ ಕಟ್ಟೆಯ ಮೇಲೆ ಬೀಳುತ್ತಿದ್ದ ಇಟ್ಟಿಗೆಗಳೂ ಅವೇ, ಹೆಸರು ಮಾತ್ರ ಬೇರೆ.

ಕರ್ನಾಟಕದಲ್ಲೂ ಅಗ್ಗದ ಅಂಗೈಯಂತ್ರ ಹುಟ್ಟಿತ್ತು, ಆಟಕ್ಕಾಗಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್. ಲಿನಕ್ಸ್ ಮೇಲೆ ಓಡುವ, ಓದುಬರಹ ಬಾರದವರಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬಲ್ಲ ಯಂತ್ರ. ಗುರಿ 9 ಸಾವಿರ ರೂಪಾಯಿಯ ಆಸುಪಾಸು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡ’ ಮಾದರಿಯಲ್ಲಿ ಯಂತ್ರವನ್ನೇ ಓಲಿಸಿದರೆ ಪುಟ ತಿರುಗುತ್ತಿತ್ತು. ಇವತ್ತು ಮೊಬೈಲ್ ಓಲಿಸಿ ಕಾರು ಓಡಿಸುವ ಹುಡುಗರಿಗೆ ಇದು ಹೊಸದೆನಿಸದು, ಆಗ ಅದು ಹೊಸದು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಊರಿಗೆಲ್ಲ ಒಂದು ಯಂತ್ರ ಸಾಕು, ಪ್ರತಿಯೊಬ್ಬರ ಬಳಿ ಒಂದು ಸ್ಮಾರ್ಟ್ ಕಾರ್ಡ್ ಇರಲಿ; ಕಾರ್ಡ್ ತೂರಿಸಿದರೆ ಯಂತ್ರ ಅಷ್ಟು ಹೊತ್ತು ಅವರದಾಗುತ್ತದೆ ಎಂಬ ಯೋಜನೆ. ಪಾಳಿಯನ್ನು ಹಾರ್ಡ್‌ವೇರಿನಲ್ಲೇ ಕೂರಿಸಿದ್ದರು! ಮಾರಾಟ ಮಾತ್ರ ಕೈಹಿಡಿಯಲಿಲ್ಲ. 50 ಸಾವಿರದ ನಿರೀಕ್ಷೆಯಿದ್ದಲ್ಲಿ ಅಮಿಡ ಮೊದಲ ವರ್ಷ ಹೋದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿತ್ತು. ಮೊಬೈಲಿಗೆ ಪಾಳಿ ಗೊತ್ತಿಲ್ಲ, ಅದು ಒಬ್ಬರ ಸ್ವತ್ತು.

ಪಾಳಿಯ ಮಾತು ಬಂದರೆ ನಮ್ಮ ಕಡೆಯ ನವಲಗುಂದದವರು ಪಗಡಿ ಆಟ ನೆನೆಯಬೇಕು. ಇಲ್ಲಿಯ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದ ಕಡೆಯಿಂದ ಬಂದು ನೆಲೆಸಿದ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು ನೇಯುತ್ತ ಬಂದರೆಂದು ಪ್ರತೀತಿ. ನೆಟ್ಟಗೆ ನಿಲ್ಲಿಸಿದ ಮಗ್ಗ, ಅಕ್ಕಪಕ್ಕ ಕೂತ ಇಬ್ಬರು, ಹೊಕ್ಕನ್ನು ಬಡಿದು ಕೂರಿಸಲು ಕಬ್ಬಿಣದ ಪಂಜ. ನವಿಲಿನಷ್ಟೇ ಹೆಸರಾದ ವಿನ್ಯಾಸ ಪಗಡಿ ಹಾಸು. ಒಂದೊಂದು ಕೈಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ನಾಲ್ಕು ಕೈಗೆ 96 ಮನೆ. ನಡುವೆ ಹಣ್ಣಾಗುವ ಜಾಗ. ಎಳೆ ಎಣಿಸಿ ಎಣಿಸಿ ಚೌಕ ಎಬ್ಬಿಸಬೇಕು, ಒಂದು ಕಡೆ ತಪ್ಪಿದರೆ ಮನೆಯೇ ಸೊಟ್ಟ. ಬ್ರಿಕ್ ಗೇಮಿನ 200 ಚೌಕ ಬಿಡಿಸಿದವನ ಕೆಲಸಕ್ಕೂ ಇದಕ್ಕೂ ನನಗೆ ಬಹಳ ದೂರ ಕಾಣುವುದಿಲ್ಲ. ಹಾಗಂತ ಜಮಖಾನೆ ಅಗ್ಗದ ಆಟದ ಸಾಮಾನಲ್ಲ, ಮದುವೆ-ಮುಂಜಿಗೆ ಹಾಸುವ ವಸ್ತು. ಕಾಸಿಲ್ಲದವರಿಗೆ ಕಟ್ಟೆಗಲ್ಲಿನ ಮೇಲೆ ಇದ್ದಿಲಲ್ಲಿ ಗೀಚಿದ ಚೌಕಾಬಾರವಿತ್ತು, ಒಂದು ಮಗ್ಗಲು ತೇಯ್ದ ಹುಣಸೆ ಬೀಜಗಳಿದ್ದವು.

ಈಗ ಆಟದ ಯಂತ್ರ ಕಟ್ಟುವುದು ಮೊದಲಿನಷ್ಟು ದೊಡ್ಡ ಕಾರ್ಖಾನೆಯ ಮಾತಲ್ಲ. ಆರ್ಡುಬಾಯ್ ಎಂಬ ಕ್ರೆಡಿಟ್ ಕಾರ್ಡ್ ಗಾತ್ರದ ಯಂತ್ರ ನಡೆಯುವುದು ಎರಡೂವರೆ ಕಿಲೋಬೈಟ್ ನೆನಪಿನ ಮೇಲೆ; ಪರದೆ 128 ಅಡ್ಡ, 64 ಉದ್ದ. ಅಂಥದ್ದೇ ಬಿಡಿಭಾಗ ತರಿಸಿಕೊಂಡು ಇಂಜಿನಿಯರಿಂಗ್ ಓದುವ ಹುಡುಗರು ಬೆಸುಗೆ ಹಾಕಿ ಕಟ್ಟಬಲ್ಲರು. ಆದರೆ ನಮ್ಮ ಹಳ್ಳಿಗೆಂದು ಕಟ್ಟುವವರಿಗೆ ಕೆಲವು ತಕರಾರು ಕಾದಿವೆ. ಇಂಗ್ಲಿಷ್ ಅಕ್ಷರ ಏಳು ಚುಕ್ಕೆ ಎತ್ತರದಲ್ಲಿ ಕೂರುತ್ತದೆ. ‘ಸ್ತ್ರೀ’ ಎಂದೋ ‘ಗೆದ್ದೆ’ ಎಂದೋ ಬರೆಯಹೋದರೆ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುತ್ತದೆ. ಕನ್ನಡಕ್ಕೆ ಅದರ ದುಪ್ಪಟ್ಟಾದರೂ ಬೇಕು, ಅಲ್ಲಿಗೆ ಪರದೆಯಲ್ಲಿ ಮೂರು-ನಾಲ್ಕು ಸಾಲಿಗೆ ಜಾಗ ತೀರಿತು. ಗುಂಡಿಗಳ ಸಂದಿಗೆ ಎರೆ ಧೂಳು ಹೋಗದಂತೆ ಇಡಿಯಾಗಿ ಒಂದೇ ರಬ್ಬರ್ ಹೊದಿಕೆ ಬೇಕು. ಚಾರ್ಜ್ ಮಾಡುವ ಬ್ಯಾಟರಿಯಾದರೆ ಮನೆಯ ಮೊಬೈಲ್ ಚಾರ್ಜರೇ ಹೊಂದಬೇಕು. ಸ್ಕ್ರೂ ಸಾದಾ ಇರಬೇಕು, ಬಿಚ್ಚುವ ಹುಡುಗ ಬಿಚ್ಚಿಯೇ ತೀರುತ್ತಾನೆ. ಮತ್ತು ಒಂದೊಂದು ಆಟ ಎರಡು-ಮೂರು ನಿಮಿಷಕ್ಕೆ ಮುಗಿಯಬೇಕು. ಇದನ್ನು ಹೊರಗಿನಿಂದ ಬಂದವರು ಮರೆಯುತ್ತಾರೆ. ತಾಸುಗಟ್ಟಲೆ ಔಟೇ ಆಗದ ಆಟವಿದ್ದರೆ ಕಟ್ಟೆಯ ಮೇಲೆ ಹೊಡೆದಾಟ.

ಹಳೆಯ ಬ್ರಿಕ್ ಗೇಮ್ ಇನ್ನೂ ನಮ್ಮ ಅಟ್ಟದ ಮೇಲಿತ್ತು. ಹೋದ ದೀಪಾವಳಿಗೆ ಊರಿಗೆ ಹೋದಾಗ ಹೊಸ ಸೆಲ್ ಹಾಕಿದೆ. ಬಲಗಡೆಯ ಎರಡು ಸಾಲು ಇವತ್ತಿಗೂ ಕಾಣುವುದಿಲ್ಲ. ನಾವು ಆಗ ಅಲ್ಲಿ ಎಷ್ಟು ಇಟ್ಟಿಗೆ ಬಿದ್ದಿವೆ ಎಂದು ಮನಸ್ಸಿನಲ್ಲೇ ಎಣಿಸಿ ಆಡುತ್ತಿದ್ದೆವು. ಪಕ್ಕದವರು ಸಾಕ್ಷಿ ಹೇಳುತ್ತಿದ್ದರು. ಅಣ್ಣನ ಮಗ ಅವ್ವನ ಮೊಬೈಲ್ ಬದಿಗಿಟ್ಟು ಬಂದು ಇಣುಕಿದ. “ಕಾಕಾ, ಅಲ್ಲಿ ಏನೂ ಕಾಣಸೂದಿಲ್ಲಲ್ಲಾ?” ಎಂದ. ಮೂರು ಇಟ್ಟಿಗೆ ಇವೆ, ನೆನಪಿಟ್ಟುಕೋ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಕೈ ಚಾಚಿದ.

ನಾನು ಇನ್ನೂ ಔಟಾಗಿರಲಿಲ್ಲ.